ಎರೆನಾಡಿನ ಕೆಂಪು ಕಣ

ನಸುಕಿನ ಐದು ಗಂಟೆ. ಸೊಲ್ಲಾಪುರದ ಹಳೇ ಪೇಟೆಯ ಓಣಿಗಳಲ್ಲಿ ಇನ್ನೂ ಬೀದಿದೀಪದ ಹಳದಿ ಬೆಳಕು. ಹಾಲಿನ ಕ್ಯಾನು ತೂಗುಹಾಕಿಕೊಂಡ ಸೈಕಲ್ಲೊಂದು ಗಡಗಡ ಸದ್ದು ಮಾಡುತ್ತ ದಾಟಿಹೋಯಿತು. ಚಹಾದಂಗಡಿಯವನು ಈಗಷ್ಟೇ ಸ್ಟೋವ್ ಹೊತ್ತಿಸುತ್ತಿದ್ದಾನೆ. ‘ತಾಲೀಮು ಎಲ್ಲೈತ್ರಿ?’ ಎಂದರೆ ‘ಯಾವ ತಾಲೀಮ್ರಿ?’ ಎಂದು ನನ್ನನ್ನೇ ಕೇಳುತ್ತಾನೆ. ಅವನ ಪ್ರಶ್ನೆ ಸರಿಯೇ. ಪತ್ರಾ ತಾಲೀಮು, ಪಾಣಿವೇಸ್ ತಾಲೀಮು, ಥೋರಲಾ ಮಂಗಳವೇಢಾ ತಾಲೀಮು: ಈ ಊರಲ್ಲಿ ಓಣಿಗಳೇ ತಾಲೀಮಿನ ಹೆಸರು ಹೊತ್ತಿವೆ. ನಾವು ದಕ್ಷಿಣದವರು ಗರಡಿಮನೆ ಎನ್ನುವುದು ಇಲ್ಲಿ ತಾಲೀಮು. ಎಷ್ಟೋ ತಾಲೀಮುಗಳಲ್ಲಿ ಈಗ ಕುಸ್ತಿಗಿಂತ ಗಣಪತಿ ಮೆರವಣಿಗೆಯ ಲೇಜಿಮ್ಮಿನ ಸದ್ದೇ ಜಾಸ್ತಿ. ಹೀಗಾಗಿ ಬೋರ್ಡು ನೋಡಿ ಹೋದರೆ ಕುಸ್ತಿ ಸಿಗುವುದಿಲ್ಲ, ಕಿವಿ ತೆರೆದುಕೊಂಡು ಹೋಗಬೇಕು. ಓಣಿಯ ತುದಿಯ ಗೋಡೆಯಾಚೆ ಧಪ್, ಧಪ್ ಎಂಬ ಸದ್ದು ಕೇಳುತ್ತಿದೆ. ಅದರ ಬೆನ್ನು ಹಿಡಿಯುತ್ತೇನೆ.

ಬಾಗಿಲು ಎಷ್ಟು ಗಿಡ್ಡವೆಂದರೆ ಸೊಂಟ ಬಗ್ಗಿಸದೆ ಒಳಗೆ ಕಾಲಿಡಲಾಗದು. ಒಳಗೆ ಮಬ್ಬುಗತ್ತಲು, ಎಣ್ಣೆಯ ಕಮಟು, ಊದಿನಕಡ್ಡಿ, ಬೆವರು ಮತ್ತು ಹಸಿ ಮಣ್ಣಿನ ವಾಸನೆ. ಗೂಡಿನಲ್ಲಿ ಸಿಂಧೂರ ಬಳಿದ ಹನುಮಂತ. ನಡುವೆ ತಗ್ಗಿನಲ್ಲಿ ಕೆಂಪಗೆ ಹರಡಿಕೊಂಡ ಕಣ. ಕಟ್ಟೆಯ ಮೇಲೆ ರುಮಾಲು ಸುತ್ತಿ ಕೂತ ವಸ್ತಾದರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ.

‘ಎಲ್ಲಿಂದ ಬಂದ್ರಿ?’

‘ಬೆಂಗಳೂರಿಂದ.’

‘ಕುಸ್ತಿ ನೋಡಾಕ ಅಷ್ಟು ದೂರದಿಂದ? ಬರ್ರಿ, ಕುಂದ್ರ್ರಿ. ಚಪ್ಲಿ ಹೊರಗ ಇರ್ಲಿ.’

ಹೊರಗೆ ಕೇಳಿದ್ದು ಯಾರೋ ಬಿದ್ದ ಸದ್ದಲ್ಲ, ಸಲಿಕೆಯ ಸದ್ದು. ಲಂಗೋಟಿ ಕಟ್ಟಿದ ಹುಡುಗರು ಕಣವನ್ನು ಅಗೆಯುತ್ತಿದ್ದಾರೆ. ಒಬ್ಬ ಮೂಲೆಯಿಂದ ಅಗೆಯುತ್ತ ಬಂದರೆ ಇನ್ನೊಬ್ಬ ಹೆಂಟೆ ಒಡೆಯುತ್ತಾನೆ, ಮತ್ತೊಬ್ಬ ಕಾಲಿನಿಂದ ಸಮ ಮಾಡುತ್ತಾನೆ. ನಿನ್ನೆ ಸಂಜೆ ತುಳಿದು ಗಟ್ಟಿಯಾದ ನೆಲ ನೋಡನೋಡುತ್ತ ಮೆತ್ತಗಾಗುತ್ತದೆ. ‘ಅಗಿಯೂದನ ಮೊದಲ್ನೇ ಪಾಠ್ರಿ’ ಎನ್ನುತ್ತಾರೆ ವಸ್ತಾದರು. ‘ಅಗಿಯಾಕ ಬ್ಯಾಸರ ಮಾಡಾಂವ ಕುಸ್ತಿ ಏನ್ ಹಿಡೀತಾನ?’

ಈ ಮಣ್ಣನ್ನು ಕೈಯಲ್ಲಿ ಹಿಡಿದು ನೋಡಬೇಕು. ಜರಡಿ ಹಿಡಿದ ಹಾಗೆ ನಯ, ಒಂಚೂರು ಜಿಡ್ಡು, ಮೂಗಿಗೆ ಹಿಡಿದರೆ ಅರಿಸಿನದ ಘಾಟು. ಎಣ್ಣೆ, ಮಜ್ಜಿಗೆ, ನಿಂಬೆರಸ, ಅರಿಸಿನ, ಕರ್ಪೂರ ಎಲ್ಲವನ್ನೂ ಕುಡಿದ ಮಣ್ಣಿದು. ತರಚಿದ ಗಾಯ ಇದರಲ್ಲೇ ಮಾಯುತ್ತದೆ ಎಂಬುದು ಪೈಲ್ವಾನರ ನಂಬಿಕೆ. ನನಗೆ ಬೆರಗು ಹುಟ್ಟಿಸಿದ್ದು ಅದರ ಬಣ್ಣ. ಸೊಲ್ಲಾಪುರದ ಸುತ್ತಮುತ್ತ ಎಲ್ಲಿ ನೋಡಿದರೂ ಕರಿ ಎರೆ. ಈ ಕೆಂಪು ಎಲ್ಲಿಂದ ಬಂತು? ‘ಎರಿ ಮಣ್ಣಾಗ ಬಿದ್ರ ಹಲ್ಲ ಮುರೀತಾವ್ರಿ, ನೀರ್ ಹಾಕಿದ್ರ ಅಂಟಾ. ಕೆಂಪ ಮಣ್ಣ ಹೊರಗಿಂದ ಲಾರಿಲೆ ತರಸ್ತೀವಿ.’ ಜೋಳಕ್ಕೆ ಕರಿ ಮಣ್ಣು, ಜಟ್ಟಿಗೆ ಕೆಂಪು ಮಣ್ಣು!

ಅಗೆತ ಮುಗಿದದ್ದೇ ಸಾಮು ಶುರು. ಸಾಲಾಗಿ ಜೋರು ಹೊಡೆಯುತ್ತಾರೆ: ಅಂಗೈ ನೆಲಕ್ಕೂರಿ, ಎದೆ ಮಣ್ಣಿಗೆ ತಾಗಿತೋ ಇಲ್ಲವೋ ಎಂಬಷ್ಟು ಕೆಳಗಿಳಿದು, ಬೆನ್ನು ಬಾಗಿಸಿ ಮೇಲೇಳುವುದು. ಆಮೇಲೆ ಬೈಠಕ್. ಎಣಿಕೆ ಇಲ್ಲ, ಉಸಿರಿನ ಹುಸ್ ಹುಸ್ ಮಾತ್ರ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿ ಮಣ್ಣಲ್ಲಿ ಇಷ್ಟಿಷ್ಟೇ ಗುಳಿ ಮಾಡುತ್ತದೆ. ಮೂಲೆಯಲ್ಲೊಬ್ಬ ಗದೆಯಂಥ ಮರದ ಕರೇಲಾ ಜೋಡಿಯನ್ನು ಹೆಗಲ ಹಿಂದಿನಿಂದ ತಿರುವುತ್ತಿದ್ದಾನೆ. ಗಾಳಿ ಸೀಳುವ ಆ ‘ಸುಂಯ್’ ಕೇಳಿ ನಾನು ಕಟ್ಟೆಯ ಮೇಲೇ ಒಂದು ಗೇಣು ಹಿಂದೆ ಸರಿಯುತ್ತೇನೆ.

ಬೆಳಕು ಹರಿಯುವ ಹೊತ್ತಿಗೆ ಜೋಡಿಗಳು ಕಣಕ್ಕಿಳಿಯುತ್ತವೆ. ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು, ಒಂದು ಹಿಡಿ ಎದುರಾಳಿಯ ಹೆಗಲಿಗೆ ಸವರುತ್ತಾರೆ. ಬೆವರಿದ ಮೈ ಜಾರಬಾರದಲ್ಲ. ನನಗಂತೂ ಈ ಮರ್ಯಾದೆ ಬಹಳ ಹಿಡಿಸಿತು: ಕೆಡವಲಿರುವವನೇ ಮೊದಲು ಎದುರಾಳಿಯ ಮೈಗೆ ಮಣ್ಣು ಹಚ್ಚುತ್ತಾನೆ. ಶಡ್ಡು ಹೊಡೆದು, ಕುತ್ತಿಗೆಗೆ ಕೈ ಹಾಕಿ, ಹಣೆಗೆ ಹಣೆ ತಾಗಿಸಿ ಖಡಾಖಡಿ ಶುರು. ವಸ್ತಾದರ ಬಾಯಲ್ಲಿ ಎರಡೂ ಭಾಷೆ ಒಂದೇ ಉಸಿರಿಗೆ ಹೊರಡುತ್ತವೆ. ‘ಮಾನ ಖಾಲಿ ಘೇ! ಏ, ಕಾಲ್ ನೋಡ್ಕೋ, ಕಾಲ್! ಸೊಂಟಾ ಹಿಡಿಯೋ!’ ಹುಡುಗರಿಗೆ ಯಾವುದು ಮರಾಠಿ ಯಾವುದು ಕನ್ನಡ ಎಂಬ ಲೆಕ್ಕವೇ ಇಲ್ಲ. ಹದಿನೆಂಟರ ಒಬ್ಬ ಎದುರಾಳಿಯ ತೋಳನ್ನು ಎರಡೂ ಕೈಯಲ್ಲಿ ಕಚ್ಚಿ ಹಿಡಿದು, ಕಣ್ಣು ಮಿಟುಕಿಸುವುದರೊಳಗೆ ಬೆನ್ನು ತಿರುಗಿಸಿ, ಹೆಗಲ ಮೇಲಿಂದ ಎತ್ತಿ ಒಗೆದೇಬಿಟ್ಟ. ಧೋಬಿ ಪಛಾಡ್! ಕಣದ ಅಂಚಿನ ಮಣ್ಣು ಹಾರಿ ನನ್ನ ಪುಸ್ತಕದ ಹಾಳೆಯ ಮೇಲೆ ಬಿತ್ತು. ಬಿದ್ದವನು ನಗುತ್ತ ಎದ್ದು ಮತ್ತೆ ಕೈ ಚಾಚಿದ.

ಇದನ್ನು ನೋಡುತ್ತ ಜಪಾನಿನ ಸುಮೋ ನೆನಪಾಯಿತು. ಟೋಕಿಯೊಗೆ ಹೋಗುವ ನಮ್ಮ ಮಂದಿ ರ್ಯೋಗೋಕು ಬಡಾವಣೆಯಲ್ಲಿ ಸುಮೋ ಜಟ್ಟಿಗಳ ಬೆಳಗಿನ ಸಾಮು ನೋಡಲು ಮುಂಗಡ ಕಾಯ್ದಿರಿಸಿ, ಹಣ ತೆತ್ತು, ಪಿಸುಮಾತೂ ಆಡದೆ ಕೂತು ಬರುತ್ತಾರೆ. ಕಣದ ಕಡೆ ಅಂಗಾಲು ಚಾಚಿ ಕೂರುವಂತಿಲ್ಲ. ಆ ಕಣ 4.55 ಮೀಟರ್ ವ್ಯಾಸದ ಒಂದು ವೃತ್ತ. ಬಡಿದು ಬಡಿದು ಕಲ್ಲಾಗಿಸಿದ ಜೇಡಿ, ಮೇಲೆ ತೆಳು ಮರಳು. ಪಂದ್ಯಾವಳಿಗೆ ಮುಂಚೆ ಅದರ ನಡುವೆ ಉಪ್ಪು, ಅಕ್ಕಿ, ಕಡಲಪಾಚಿಗಳನ್ನು ಹೂತು ಪೂಜಿಸುತ್ತಾರೆ. ಅಲ್ಲಿನವರು ಉಪ್ಪು ಎರಚಿ ಕಣಕ್ಕಿಳಿದರೆ ಇಲ್ಲಿ ಮಣ್ಣನ್ನೇ ಮುಟ್ಟಿ ಇಳಿಯುತ್ತಾರೆ. ಅಲ್ಲಿ ಗೆರೆ ದಾಟಿದರೆ ಸೋಲು. ಪಾದ ಬಿಟ್ಟು ಮೈಯ ಬೇರೆ ಯಾವ ಭಾಗ ನೆಲ ಮುಟ್ಟಿದರೂ ಸೋಲು. ಎಷ್ಟೋ ಸಲ ಕೆಲವೇ ಕ್ಷಣದಲ್ಲಿ ಆಟ ಮುಗಿಯುತ್ತದೆ. ಇಲ್ಲಿ ಎರಡೂ ಭುಜ ಮಣ್ಣಿಗೆ ಹತ್ತಿ ಚಿತ್ ಆಗಬೇಕು. ನನ್ನ ಕಣ್ಣಿಗೆ ನಮ್ಮದೇ ಸೊಗಸು. ಬಿದ್ದ ಮೇಲೂ ಹೊರಳಿ ಏಳಲು ಇಲ್ಲಿ ಅವಕಾಶ ಉಂಟು.

ಕಣದಿಂದೆದ್ದ ಹುಡುಗರು ಮೈಗಂಟಿದ ಮಣ್ಣನ್ನು ಕೈಯಿಂದ ಕೆರೆದು ಕಣಕ್ಕೇ ಹಾಕುತ್ತಾರೆ. ಹೊರಗೆ ಕಲ್ಲಿನ ಒರಳಿನಲ್ಲಿ ಬಾದಾಮಿ, ಗಸಗಸೆ, ಏಲಕ್ಕಿ, ಮೆಣಸು ಅರೆಯುತ್ತಿದ್ದಾರೆ. ನನಗೂ ಒಂದು ಲೋಟ ಥಂಡಾಯಿ ಬಂತು. ಕುಡಿದು ಮುಗಿಸಲು ಮಧ್ಯೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಯಿತು. ಪಕ್ಕದ ಹುಡುಗ ದೊಡ್ಡ ತಂಬಿಗೆಯನ್ನೇ ಎತ್ತಿ ಗಟಗಟ ಇಳಿಸಿದ. ಅವನಿಗೆ ಕೊಲ್ಲಾಪುರದ ಗಂಗಾವೇಸ್ ತಾಲೀಮಿಗೆ ಹೋಗುವ ಆಸೆ. ಯಾಕೆಂದರೆ ಇದೇ ಜಿಲ್ಲೆಯ ಮೊಹೋಳದ ಸಿಕಂದರ್ ಶೇಖ್ ಅಲ್ಲಿ ತಯಾರಾಗಿ 2023ರ ನವೆಂಬರಿನಲ್ಲಿ ‘ಮಹಾರಾಷ್ಟ್ರ ಕೇಸರಿ’ ಗೆದ್ದ. 1961ರಿಂದ ನಡೆದುಬಂದ ಆ ಪಟ್ಟಕ್ಕೆ ಮಣ್ಣಿನಲ್ಲಿ ಗೆದ್ದವನೂ ಮ್ಯಾಟಿನಲ್ಲಿ ಗೆದ್ದವನೂ ಕೊನೆಗೆ ಎದುರುಬದುರಾಗುತ್ತಾರೆ. ಆ ಕೊನೆಯ ಕುಸ್ತಿ ನಡೆಯುವುದು ಮಾತ್ರ ಮ್ಯಾಟಿನ ಮೇಲೆ. ‘ಮಣ್ಣಾಗ ಕಲ್ತು ಮ್ಯಾಟಿನ ಮ್ಯಾಲ ಹಿಡೀಬೇಕ್ರಿ, ಅದ ತ್ರಾಸು’ ಎಂದು ಹುಡುಗ ಮೀಸೆಗೆ ಹತ್ತಿದ ಹಾಲು ಒರೆಸಿಕೊಂಡ.

ಬಿಸಿಲೇರುವ ಮುಂಚೆ ಸಿದ್ಧೇಶ್ವರ ಕೆರೆಯ ದಂಡೆಗೆ ಬರುತ್ತೇನೆ. ನೀರಿನ ನಡುವೆ ಗುಡಿ, ಒಂದು ಮಗ್ಗುಲಲ್ಲಿ ಭುಯಿಕೋಟೆಯ ಕಪ್ಪು ಬುರುಜುಗಳು. ಹನ್ನೆರಡನೇ ಶತಮಾನದಲ್ಲಿ ಈ ಊರು ಸೊನ್ನಲಿಗೆ. ಕೆರೆ ತೋಡಿಸಿದ ವಚನಕಾರ ಸಿದ್ಧರಾಮ ಇಲ್ಲಿಯವನು. ಮಣ್ಣು ಅಗೆಯುವುದನ್ನೇ ಶಿವಪೂಜೆ ಮಾಡಿಕೊಂಡವನ ಊರಲ್ಲಿ ಹುಡುಗರು ಕತ್ತಲಲ್ಲೆದ್ದು ಸಲಿಕೆ ಹಿಡಿಯುವುದು ನನಗೆ ಕಾಕತಾಳೀಯ ಅನ್ನಿಸಲಿಲ್ಲ. ಸಿದ್ಧರಾಮನ ಪುರಾಣವನ್ನು ನಮ್ಮ ಕಾಲದಲ್ಲಿ ಕಾವ್ಯವಾಗಿಸಿದ ಜಯದೇವಿತಾಯಿ ಲಿಗಾಡೆಯವರೂ ಇದೇ ಊರಿನವರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಅವರು ಆ ಪೀಠವೇರಿದ ಮೊದಲ ಮಹಿಳೆ.

ಸಂಕ್ರಾಂತಿ ಹತ್ತಿರ ಬಂದಿದೆ, ಊರಿಗೆ ಗಡ್ಡಾ ಜಾತ್ರೆಯ ಗುಂಗು. ಸಿದ್ಧರಾಮ ಊರ ಸುತ್ತ ಸ್ಥಾಪಿಸಿದ 68 ಲಿಂಗಗಳನ್ನು ಏಳು ನಂದಿಕೋಲುಗಳು ಸುತ್ತಿ ಬರಬೇಕು. ನಿನ್ನೆ ರಾತ್ರಿ ಓಣಿಯೊಂದರಲ್ಲಿ ಆ ಕೋಲು ಹೊರುವ ಅಭ್ಯಾಸ ನೋಡಿದೆ. ಮಾಳಿಗೆ ಮೀರಿದ ಎತ್ತರದ ಬಿದಿರು. ಸೊಂಟದ ಪಟ್ಟಿಗೆ ಅದರ ಬುಡ ಊರಿ, ನೆಟ್ಟಗೆ ನಿಲ್ಲಿಸಿಕೊಂಡು, ಒಬ್ಬನೇ ಹೆಜ್ಜೆ ಹಾಕುತ್ತಾನೆ. ಬೆನ್ನು ಒಂಚೂರು ಹಿಂದೆ, ಕಣ್ಣು ಮೇಲೆ, ಕುತ್ತಿಗೆಯ ನರ ಉಬ್ಬಿ ನಿಂತಿವೆ. ಜಾತ್ರೆಯ ದಿನ ಬಿಳಿ ಬಾರಾಬಂದಿ ತೊಟ್ಟು ಹೊರುವ ಈ ಭಕ್ತಿಗೆ ಜೋರು, ಬೈಠಕ್ಕಿನ ತೊಡೆ ಬೇಕೇಬೇಕು.

ಅಕ್ಕಲಕೋಟೆ ಇಲ್ಲಿಂದ ನಲವತ್ತು ಕಿಲೋಮೀಟರಿನಷ್ಟು. ಕೆಂಪು ಎಸ್‌ಟಿ ಬಸ್ಸು ವಳಸಂಗದ ಹಾದಿ ಹಿಡಿದ ಮೇಲೆ ಎರಡೂ ಬದಿ ಎರೆ, ಬಿರುಕು ಬಿಟ್ಟ ಎರೆ, ಅದರ ಮೇಲೆ ಆಳೆತ್ತರದ ಜೋಳ. ಕುಸುಬೆಯ ಹಳದಿ ಅಲ್ಲಲ್ಲಿ ಕಿಡಿ ಹಾರಿಸುತ್ತದೆ. ಹೊಲದ ಬದುವಿನಲ್ಲಿ ಹೊಗೆ: ಜೋಳದ ಎಳೆ ತೆನೆ, ಸೀತನಿ ಸುಡುತ್ತಿದ್ದಾರೆ. ಸಾಕ್ಷಾತ್ ಮಲ್ಲಯ್ಯನೇ ಬಾಲಕ ಸಿದ್ಧರಾಮನ ಹೊಲಕ್ಕೆ ಬಂದು ಎಳೆ ತೆನೆ ಬೇಡಿದ ಕತೆ ಹುಟ್ಟಿದ್ದು ಇಂಥ ಹೊಲದಲ್ಲೇ. ಬಸ್ಸಿನೊಳಗೆ ಟಿಕೆಟು ಮರಾಠಿಯಲ್ಲಿ, ಜಗಳ ಕನ್ನಡದಲ್ಲಿ. 1967ರ ಮಹಾಜನ ಆಯೋಗದ ಗಡಿ ವರದಿ ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಸೇರಿಸಿ ಎಂದಿತ್ತು. ಸೇರಲಿಲ್ಲ. ಪಕ್ಕದ ಸೀಟಿನ ಅಜ್ಜಿಗೆ ಅದರ ಗೊಡವೆಯಿಲ್ಲ. ಬುತ್ತಿ ಬಿಚ್ಚಿ, ಕಟಕ್ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಇಟ್ಟು ‘ತಗೋ ಯಪ್ಪಾ’ ಎಂದು ನನ್ನ ಕೈಗಿಡುತ್ತಾಳೆ.

ಅಕ್ಕಲಕೋಟೆಯಲ್ಲಿ ಜನಸಾಗರ. 1878ರಲ್ಲಿ ಸಮಾಧಿಯಾಗುವವರೆಗೆ ಸ್ವಾಮಿ ಸಮರ್ಥರು ಸುಮಾರು ಎರಡು ದಶಕ ಇಲ್ಲಿದ್ದರು. ಅವರು ಕೂರುತ್ತಿದ್ದ ಆಲದ ಮರವೇ ಈಗ ವಟವೃಕ್ಷ ದೇವಸ್ಥಾನ. ಅನ್ನಛತ್ರದ ಪಂಕ್ತಿಯಲ್ಲಿ ಉಂಡು, ಅರಮನೆಯ ಕಡೆ ನಡೆಯುತ್ತೇನೆ. ಈ ಸಂಸ್ಥಾನದ ಮೂಲಪುರುಷ ಲೋಖಂಡೆ ಮನೆತನದ ಹುಡುಗ. ಸಾತಾರದ ಶಾಹೂ ಛತ್ರಪತಿ ಅವನನ್ನು ಸಾಕಿಕೊಂಡು ಫತ್ತೇಸಿಂಹ ಭೋಸಲೆ ಎಂದು ಹೆಸರಿಟ್ಟ. ಅರಮನೆಯ ಶಸ್ತ್ರಾಗಾರದ ತುಂಬ ಕತ್ತಿ, ಕಠಾರಿ, ಬಂದೂಕು. ಅವುಗಳ ಮುಂದೆ ನಿಂತಾಗ ನನಗೆ ಇನ್ನೂ ಹಳೆಯ ರಾಜನೊಬ್ಬ ನೆನಪಾದ. ಈ ಸೀಮೆಯನ್ನೆಲ್ಲ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ. 1129ರ ಹೊತ್ತಿಗೆ ಅವನು ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗವಿದೆ. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿ, ಭಾರ ಎತ್ತುವ ಶ್ರಮ, ನಡಿಗೆಯ ಶ್ರಮ, ಈಜಿನ ಶ್ರಮ, ಕಂಬದ ಶ್ರಮ ಎಂದು ಸಾಮನ್ನು ಹಂಚುತ್ತಾನೆ. ಬೆಳಗ್ಗೆ ಓಣಿಯಲ್ಲಿ ನಾನು ಕಂಡದ್ದರ ಜಾತಕ ಅಲ್ಲಿದೆ. ರಾಜನೊಬ್ಬ ಕೂತು ಪೈಲ್ವಾನರ ಬೆವರಿಗೆ ವ್ಯಾಕರಣ ಬರೆದನಲ್ಲ!

ಸಂಜೆ ಅಕ್ಕಲಕೋಟೆಯ ತಾಲೀಮೊಂದರಲ್ಲಿ ಮಕ್ಕಳ ದಂಡು. ಲಂಗೋಟಿ ಸರಿಯಾಗಿ ನಿಲ್ಲದ ಆರೇಳು ವರ್ಷದ ಪೋರನೊಬ್ಬ ನನ್ನ ಮುಂದೆ ಬಂದು ಶಡ್ಡು ಹೊಡೆದು ಓಡಿಹೋದ. ಜಾತ್ರೆಯಲ್ಲಿ ಇವರ ಕುಸ್ತಿಗೆ ತೆಂಗಿನಕಾಯಿ ಇನಾಮು. ಹಲಗಿ ಬಡಿತದೊಂದಿಗೆ ಅಲ್ಲಿಂದ ಶುರುವಾದ ಆಟ ಕತ್ತಲಾಗುವ ಹೊತ್ತಿಗೆ ದೊಡ್ಡ ಜೋಡಿಗೆ ಏರುತ್ತದೆ. ಪಕ್ಕದ ತಗಡಿನ ಶೆಡ್ಡಿನಲ್ಲಿ ನೀಲಿ ಮ್ಯಾಟು, ಅದರ ಮೇಲೆ ಇಬ್ಬರು ಹುಡುಗಿಯರು ಕಾಲಿಗೆ ಕಾಲು ಹೆಣೆದು ಹೆಣಗುತ್ತಿದ್ದಾರೆ. ಮಣ್ಣಿನ ಕಣಕ್ಕೆ ಅವರು ಇಳಿಯುವುದಿಲ್ಲ. ಸುಮೋ ಕಣದ್ದೂ ಇದೇ ಕತೆ. 2018ರಲ್ಲಿ ಮೈಜುರು ಎಂಬ ಊರಲ್ಲಿ ಕಣದ ಮೇಲೆ ಮೇಯರ್ ಕುಸಿದುಬಿದ್ದಾಗ ನೆರವಿಗೆ ಧಾವಿಸಿದ ಮಹಿಳೆಯರಿಗೆ ಕೆಳಗಿಳಿಯಿರಿ ಎಂದು ಮೈಕಿನಲ್ಲಿ ಕೂಗಿದ್ದರು, ಆಮೇಲೆ ಕ್ಷಮೆ ಕೇಳಿದರು. ಸಾಕ್ಷಿ ಮಲಿಕ್ 2016ರಲ್ಲಿ ರಿಯೋದಿಂದ ಕಂಚು ತಂದ ಮೇಲೂ ನಮ್ಮ ಹನುಮಂತನ ಹೆಸರಲ್ಲಿ ಹುಡುಗಿಯರನ್ನು ಕಟ್ಟೆಯಾಚೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಶೆಡ್ಡಿನ ಹುಡುಗಿಯರಲ್ಲಿ ಒಬ್ಬಳು ಗೆದ್ದು ಎದ್ದಾಗ ಮಣ್ಣಿನ ಕಣದ ಹುಡುಗರೆಲ್ಲ ಕಿಟಕಿಗೆ ಜೋತುಬಿದ್ದು ಸಿಳ್ಳೆ ಹಾಕಿದರು ಎಂಬುದನ್ನೂ ಹೇಳಿಬಿಡುತ್ತೇನೆ.

ಜಾತ್ರೆಯ ಕುಸ್ತಿ ನೋಡಬೇಕೆನ್ನುವವರು ಸುಗ್ಗಿ ಮುಗಿದ ಮೇಲೆ, ಯುಗಾದಿಯ ಆಚೀಚೆ ಹೋಗಿ. ಸೊಲ್ಲಾಪುರ, ಅಕ್ಕಲಕೋಟೆಯ ಸುತ್ತ ಹಳ್ಳಿ ಹಳ್ಳಿಯ ಜಾತ್ರೆಯಲ್ಲಿ ಕಣ ಬಿದ್ದಿರುತ್ತದೆ. ಸಾಮು ನೋಡುವುದಾದರೆ ಬೆಳಕು ಹರಿಯುವ ಮುಂಚೆ ತಾಲೀಮಿನ ಬಾಗಿಲಲ್ಲಿರಿ, ಚಪ್ಪಲಿ ಹೊರಗೆ ಬಿಡಿ, ಹನುಮಂತನಿಗೆ ಒಂದು ಕಾಯಿ ಒಯ್ಯಿರಿ. ಫೋಟೊ ತೆಗೆಯುವ ಮುನ್ನ ವಸ್ತಾದರನ್ನು ಕೇಳಿ, ಕನ್ನಡದಲ್ಲೇ ಕೇಳಿ. ಟಿಕೆಟಿನ ಮಾತೇ ಇಲ್ಲ. ಥಂಡಾಯಿ ಕೊಟ್ಟರೆ ಮಾತ್ರ ಬೇಡ ಅನ್ನಬೇಡಿ.