ಅಜ್ಜನ ವಾರ್ತೆಗೆ ಅರ್ಧ ವ್ಯಾಟ್ ಸಾಕಾಯಿತು

ಗೋವಿಂದರಾಜನಗರದ ನಮ್ಮ ಬಾಡಿಗೆ ರೂಮಿನ ಕಿಟಕಿ ತೆಗೆದರೆ ಆಟೊ, ಬೈಕು, ಪಕ್ಕದ ಮನೆಯ ಮಿಕ್ಸಿ. ಆ ಗದ್ದಲದಲ್ಲೇ ಕೂತು ನಾವೊಂದು ಆಂಪ್ಲಿಫೈಯರ್ ಮಾಡಿದೆವು. ನಮ್ಮಲ್ಲೊಬ್ಬನ ಅಜ್ಜನಿಗೆ ಕಿವಿ ಮಂದ. ಮೊಬೈಲಿನಲ್ಲಿ ಆಕಾಶವಾಣಿ ವಾರ್ತೆ ಹಾಕಿಕೊಟ್ಟರೆ ಫೋನನ್ನು ಕಿವಿಗೆ ಒತ್ತಿಕೊಂಡೇ ಕೂರುತ್ತಿದ್ದರು. ಅದನ್ನು ತಪ್ಪಿಸಬೇಕಿತ್ತು.

ಎಸ್.ಪಿ. ರಸ್ತೆಯಿಂದ ಎಲ್ಎ4440 ಚಿಪ್ಪಿನ ಬೋರ್ಡ್ ತಂದೆವು. ಎರಡು ಕಡೆಗೂ ಆರಾರು ವ್ಯಾಟ್. ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಜೋಡಿಸಿದೆವು. ರೂಮಿನಲ್ಲಿ ಹಾಡು ಜೋರಾಗಿ ಬಂತು, ಎಲ್ಲರಿಗೂ ಖುಷಿ.

ಊರಿಗೆ ಒಯ್ದ ರಾತ್ರಿ ಮರ್ಯಾದೆ ಹೋಯಿತು. ಅಲ್ಲಿನ ಮೌನದಲ್ಲಿ ವಾರ್ತೆಗಿಂತ ಮೊದಲು ಗುಂಯ್ ಎನ್ನುವ ಸದ್ದೇ ಕೇಳಿಸಿತು. ವಾಲ್ಯೂಮ್ ಏರಿಸಿದರೂ ಅಜ್ಜ, "ಸದ್ದು ಜೋರಾಗೈತೆ, ಮಾತೇ ತಿಳೀತಿಲ್ಲ" ಎಂದು ಫೋನನ್ನು ಮತ್ತೆ ಕಿವಿಗೆ ಒತ್ತಿಕೊಂಡರು. ನಾವು ಸದ್ದನ್ನು ಹೆಚ್ಚಿಸಿದ್ದೆವು, ಮಾತನ್ನಲ್ಲ.

ವಾಪಸ್ ಬಂದು ಮೊದಲಿಂದ ಶುರು ಮಾಡಿದೆವು. ಈ ಸಲ ಎಂಟು ಕಾಲಿನ ಪುಟ್ಟ ಎಲ್ಎಂ386. ಇದಕ್ಕೆ 4ರಿಂದ 12 ವೋಲ್ಟ್ ಸಾಕು. 9 ವೋಲ್ಟ್ ಕೊಟ್ಟರೆ 8 ಓಮ್ ಸ್ಪೀಕರಿಗೆ ಸುಮಾರು ಅರ್ಧ ವ್ಯಾಟ್ ಸಿಗುತ್ತದೆ. ಇಷ್ಟು ಕಡಿಮೆಯೇ ಎನ್ನಬೇಡಿ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಅದರ ಬದಲು ಒಳ್ಳೆಯ ಸ್ಪೀಕರ್ ಹಾಕುವುದೇ ಲಾಭ. ಕೆಟ್ಟುಹೋದ ರೇಡಿಯೊದ ಮರದ ಪೆಟ್ಟಿಗೆಯನ್ನು ಅದರ ದೊಡ್ಡ ಸ್ಪೀಕರಿನ ಸಮೇತ ಬಳಸಿಕೊಂಡೆವು.

ಗುಂಯ್ ಸದ್ದಿನ ಮೂಲ ಹುಡುಕಲು ಸುಲಭದ ದಾರಿಯಿದೆ: ಅಡಾಪ್ಟರ್ ತೆಗೆದು ಬ್ಯಾಟರಿ ಹಾಕಿ ನೋಡುವುದು. ಸದ್ದು ನಿಂತರೆ ತಪ್ಪು ಅಡಾಪ್ಟರಿನದು, ನಿಲ್ಲದಿದ್ದರೆ ವೈರಿಂಗಿನದು. ನಮ್ಮಲ್ಲಿ ಎರಡೂ ಇದ್ದವು. ಆರು ಪೆನ್ಸಿಲ್ ಸೆಲ್ ಹಾಕಿದ್ದರಿಂದ ಒಂದು ತೊಂದರೆ ಹೋಯಿತು, ಕರೆಂಟ್ ಹೋದಾಗಲೂ ವಾರ್ತೆ ಸಿಗುವಂತಾಯಿತು. ಇನ್ನೊಂದಕ್ಕೆ, ಸ್ಪೀಕರಿನ ಗ್ರೌಂಡ್ ತಂತಿಯನ್ನೂ ಫೋನಿನಿಂದ ಬರುವ ಗ್ರೌಂಡನ್ನೂ ಬೇರೆ ಬೇರೆಯಾಗಿ ತಂದು ಬ್ಯಾಟರಿಯ ಕೆಪಾಸಿಟರ್ ಬಳಿ ಒಂದೇ ಕಡೆ ಸೇರಿಸಿದೆವು.

ಚಿಪ್ಪಿನ 1 ಮತ್ತು 8ನೇ ಕಾಲಿನ ನಡುವೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದರೆ ಗೇನ್ 20ರಿಂದ 200ಕ್ಕೆ ಏರುತ್ತದೆ. ಆಸೆಪಟ್ಟು ಹಾಕಿದೆವು, ಕರಕರ ಸದ್ದೂ ಅಷ್ಟೇ ಏರಿತು. ಫೋನಿನಿಂದ ಬರುವ ಸಿಗ್ನಲ್ಲಿಗೆ 20 ಧಾರಾಳ, ಹಾಗಾಗಿ ತೆಗೆದುಬಿಟ್ಟೆವು. 5ನೇ ಕಾಲಿನಿಂದ ಗ್ರೌಂಡಿಗೆ 10 ಓಮ್ ರೆಸಿಸ್ಟರ್ ಮತ್ತು 0.047 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ಸಾಲಾಗಿ ಹಾಕುವುದನ್ನು ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಚಿಪ್ ತನ್ನಷ್ಟಕ್ಕೇ ಕಂಪಿಸಿ ಬಿಸಿಯಾಗಬಹುದು. ಫೋನಿನ ಎಡ, ಬಲ ತಂತಿಗಳನ್ನು ನೇರವಾಗಿ ಕೂಡಿಸದೆ, ಒಂದೊಂದಕ್ಕೂ 1 ಕಿಲೊಓಮ್ ರೆಸಿಸ್ಟರ್ ಹಾಕಿ ಸೇರಿಸಿ.

ಕೊನೆಯ ತಿದ್ದುಪಡಿಯೇ ಮುಖ್ಯವಾದದ್ದು. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಮಂಕಾಗುವುದು ತೀಕ್ಷ್ಣ ಸದ್ದು. 'ಸ', 'ಶ', 'ತ'ಗಳ ವ್ಯತ್ಯಾಸ ತಿಳಿಯುವುದು ಅಲ್ಲೇ. ಅದರ ಮೇಲೆ ದಪ್ಪ ಸದ್ದು ಕವಿದರೆ ಮಾತು ಮುಳುಗುತ್ತದೆ. ಹಾಗಾಗಿ 10 ಕಿಲೊಓಮ್ ವಾಲ್ಯೂಮ್ ಕಂಟ್ರೋಲಿನ ಮೊದಲು 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ, ಸುಮಾರು 150–200 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ತಗ್ಗಿಸಿದೆವು. ಹಾಡು ಕೇಳುವವರಿಗೆ ಇದು ಸಪ್ಪೆ. ಅಜ್ಜನಿಗೆ ಬೇಕಿದ್ದದ್ದು ಹಾಡಲ್ಲ.

ಇದು ಹಿಯರಿಂಗ್ ಏಡ್‌ಗೆ ಬದಲಿಯಲ್ಲ. ಮನೆಯ ಹಿರಿಯರಿಗೆ ಕಿವಿ ಕೇಳದಿದ್ದರೆ ಮೊದಲು ಆಸ್ಪತ್ರೆಯಲ್ಲಿ ತೋರಿಸಿ. ನಾವೂ ತೋರಿಸಿದೆವು.

ಎರಡನೇ ಸಲ ಊರಿಗೆ ಒಯ್ದಾಗ, ಹಗಲಲ್ಲಿ ಅಲ್ಲ, ಎಲ್ಲರೂ ಮಲಗಿದ ಮೇಲೆ ಪರೀಕ್ಷಿಸಿದೆವು. ಗುಂಯ್ ಇರಲಿಲ್ಲ. ಮರುದಿನ ಫೋನನ್ನು ಪೆಟ್ಟಿಗೆಯ ಮೇಲಿಟ್ಟು ವಾರ್ತೆ ಹಾಕಿದೆವು. ಅಜ್ಜ ಜಗಲಿಯ ಮೇಲೆ ಕೂತೇ ಕೇಳಿದರು. ನಡುವೆ ನಾವೇನೋ ಮಾತಾಡಲು ಹೋದೆವು. "ಒಸಿ ಸುಮ್ಕಿರ್ರೋ, ಮಳೆ ಸುದ್ದಿ ಹೇಳ್ತಾವ್ರೆ" ಎಂದು ಗದರಿದರು.