ಕೊಟ್ಟೆ ಅಂದ್ರೆ ಪ್ಲಾಸ್ಟಿಕ್ಕೇ ಆಗಬೇಕಾ?

(1/3)

ಸಾಗರದ ಪೇಟೆಯಲ್ಲಿ ನಿಂತು "ಒಂದು ಕೊಟ್ಟೆ ಕೊಡಿ" ಅಂದ್ರೆ ಏನು ಸಿಗ್ತದೆ? ಪ್ಲಾಸ್ಟಿಕ್ ಕವರ್. ನರ್ಸರಿಗೆ ಹೋಗಿ "ಕೊಟ್ಟೆ ಗಿಡ" ಅಂದ್ರೆ? ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿರೋ ಸಸಿ. ಈಗ ಅದೇ ಮಾತನ್ನ ಅಡುಗೆಮನೆಗೆ ತಗೊಂಡು ಹೋಗಿ. ಕೊಟ್ಟೆ ಕಡುಬು! ಹಲಸಿನ ಎಲೆಗಳನ್ನ ಸೇರಿಸಿ, ಕಡ್ಡಿ ಚುಚ್ಚಿ ಮಾಡಿದ ಎಲೆಯ ಲೋಟ. ಅದೂ ಕೊಟ್ಟೆಯೇ.

ತೋಟಕ್ಕೆ ಬನ್ನಿ. ಮಳೆಗಾಲಕ್ಕೆ ಮುಂಚೆ, ಕೊಳೆರೋಗ ಬರದ ಹಾಗೆ ಅಡಿಕೆ ಕೊನೆಗೆ ಕಟ್ಟೋದೂ ಕೊಟ್ಟೆ. ಈಗ ಅದು ಪ್ಲಾಸ್ಟಿಕ್ಕಿಂದು, ಹಿಂದೆ ಅಡಿಕೆ ಹಾಳೆಯದು. ಮೈಸೂರು ಸರ್ಕಾರದ ಕೆಲಸದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಪುಸ್ತಕವನ್ನೇ ಬರೆದರು. ಅವರಿಂದಾಗಿ ಬೋರ್ಡೋ ದ್ರಾವಣ ನಮ್ಮ ತೋಟಗಳಿಗೆ ಬಂತು. ಅದಕ್ಕೂ ಮುಂಚೆ ರೈತರ ಕೈಯಲ್ಲಿದ್ದದ್ದು ಹಾಳೆ ಕೊಟ್ಟೆ.

ಅಂದ್ರೆ ನೋಡಿ, ಹೆಸರು ಹಾಗೇ ಉಳೀತು, ಸಾಮಾನು ಮಾತ್ರ ಬದಲಾಯ್ತು. ಎಷ್ಟು ಬದಲಾಯ್ತು ಅಂದ್ರೆ, ಎಲೆಯಿಂದ ಕೊಟ್ಟೆ ಮಾಡಬಹುದು ಅನ್ನೋದು ಈಗ ಹೊಸ ಐಡಿಯಾ ಥರ ಕೇಳಿಸ್ತದೆ.

ಜುಲೈ ಮೊದಲ ವಾರ ವನಮಹೋತ್ಸವ. 1950ರಲ್ಲಿ ಕೆ.ಎಂ. ಮುನ್ಷಿ ಶುರು ಮಾಡಿದ್ದು. ಹೋದ ವರ್ಷ ನಾನು ಹೋಗಿದ್ದ ಒಂದು ಕಾರ್ಯಕ್ರಮದಲ್ಲಿ (ಯಾವುದು ಅಂತ ಬೇಡ ಬಿಡಿ) ಗಿಡ ನೆಟ್ಟು, ಫೋಟೋ ತೆಗೆದು ಎಲ್ಲರೂ ಹೊರಟ ಮೇಲೆ, ಹರಿದ ಕಪ್ಪು ಚೀಲಗಳು ಕೆಸರಲ್ಲೇ ಬಿದ್ದಿದ್ವು. ಕೆಲವು ಗಿಡಗಳನ್ನ ಚೀಲ ಬಿಚ್ಚದೆಯೇ ಗುಂಡಿಗೆ ಇಳಿಸಿದ್ರು. ಆ ಗಿಡದ ಬೇರು ಹೋಗೋದಾದ್ರೂ ಎಲ್ಲಿಗೆ?

"ಪ್ಲಾಸ್ಟಿಕ್ ಬ್ಯಾನ್ ಆಗಿದೆಯಲ್ಲ?" ಅಂತೀರಾ. ಆಗಿದೆ. 2016ರ ಮಾರ್ಚಲ್ಲಿ ಕರ್ನಾಟಕ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ಎಲ್ಲ ನಿಷೇಧ ಮಾಡ್ತು. ಆದರೆ ಸರ್ಕಾರದ ಆರ್ಡರ್ ಮೇಲೆ ಅರಣ್ಯ, ತೋಟಗಾರಿಕೆ ನರ್ಸರಿಗಳಿಗೆ ಹೋಗೋ ಚೀಲಕ್ಕೆ ಅದರಲ್ಲಿ ವಿನಾಯ್ತಿ ಇದೆ. ಇನ್ನೊಂದು ಲೆಕ್ಕ ಕೇಳಿ. ದೇಶದ ನಿಯಮದ ಪ್ರಕಾರ 2022ರ ಡಿಸೆಂಬರ್ ಕೊನೆಯಿಂದ 120 ಮೈಕ್ರಾನ್‌ಗಿಂತ ತೆಳು ಕೈಚೀಲ ಕೊಡೋ ಹಾಗಿಲ್ಲ. ಅಡಿಕೆ ಸಸಿಗೆ ಬಳಸೋ ಚೀಲ 150 ಗೇಜ್, ಅಂದ್ರೆ ಸುಮಾರು 38 ಮೈಕ್ರಾನ್. ಮೂರರಲ್ಲಿ ಒಂದು ಪಾಲು! ಬಿಚ್ಚುವಾಗಲೇ ಹರೀತದೆ, ಎರಡನೇ ಸಲಕ್ಕೆ ಬರೋದಿಲ್ಲ.

(2/3)

ಇದೆಲ್ಲ ಯಾಕೆ ತಲೆಗೆ ಬಂತು ಅಂದ್ರೆ, ಹೊಸನಗರ ತಾಲೂಕಿನ ನಮ್ಮ ತೋಟದಲ್ಲಿ ಈಗ ಮರುನಾಟಿ ಮಾತು ನಡೀತಿದೆ. ಎಲೆಚುಕ್ಕಿ ರೋಗ ನಗರ ಹೋಬಳಿ, ಆಗುಂಬೆ ಕಡೆ ಏನು ಮಾಡಿದೆ ಅಂತ ನಿಮಗೆ ಹೇಳಬೇಕಿಲ್ಲ. ನಮ್ಮಲ್ಲಿ 200 ಸಸಿ ಹಾಕಬೇಕು. 200 ಸಸಿ ಅಂದ್ರೆ 200 ಚೀಲ. ಅದರ ಚೂರುಗಳು ಬಸಿಗಾಲುವೆಗೆ ಸೇರಿ ನೀರು ನಿಂತ್ರೆ ಅಡಿಕೆಗೆ ಹಿಡಿಮುಂಡಿಗೆ ಕಾಟ ಬೇರೆ.

ಅದೇ ತೋಟದಲ್ಲಿ ಬಿದ್ದಿರೋದೇನು? ಹಾಳೆ. ಒಂದು ಅಡಿಕೆ ಮರ ವರ್ಷಕ್ಕೆ ಆರೇಳು ಸೋಗೆ ಉದುರಿಸ್ತದೆ. ಎಕರೆಗೆ ಸುಮಾರು 550 ಮರ ಅಂದ್ರೆ ಮೂರು ಸಾವಿರಕ್ಕೂ ಹೆಚ್ಚು ಹಾಳೆ.

ಮಾಡೋದು ಹೀಗೆ (ಎರಡನೇ ಫೋಟೋ ನೋಡಿ). ಕೊಳೆಯದ, ಆಗಷ್ಟೇ ಬಿದ್ದ ಹಾಳೆ ಆರಿಸಿ. ನೀರಲ್ಲಿ ಮೆತ್ತಗಾಗೋ ತನಕ ನೆನೆಹಾಕಿ. ಸುರುಳಿ ಸುತ್ತಿ, ತಳ ಒಳಗೆ ಮಡಚಿ, ಹಿಡಿಕಡ್ಡಿ ಚುಚ್ಚಿ ಅಥವಾ ಬಾಳೆ ನಾರಿಂದ ಕಟ್ಟಿ. ನೆರಳಲ್ಲಿ ಒಣಗಿಸಿ. ತಳಕ್ಕೆ ಎರಡು ತೂತು. ಅಷ್ಟೇ.

ಇದರಲ್ಲಿ ಬೇರಿಗೂ ಒಳ್ಳೇದು. ಪ್ಲಾಸ್ಟಿಕ್ಕಲ್ಲಿ ಬೇರು ಗೋಡೆಗೆ ತಾಗಿದ ಮೇಲೆ ಅದರ ಸುತ್ತಲೇ ಸುತ್ತಿಕೊಳ್ತದೆ. ನಾರಿನ ಕುಂಡದ ಗೋಡೆಯಲ್ಲಿ ಗಾಳಿ ಆಡೋದ್ರಿಂದ ಬೇರಿನ ತುದಿ ಅಲ್ಲೇ ನಿಂತು, ಹಿಂದಿನಿಂದ ಕವಲು ಒಡೀತದೆ. ನೆಡುವಾಗ ಬಿಚ್ಚೋ ಕೆಲಸವೂ ಇಲ್ಲ. ಒಂದೇ ಎಚ್ಚರಿಕೆ: ಕುಂಡದ ಅಂಚು ಮಣ್ಣಿಂದ ಮೇಲೆ ಉಳೀಬಾರದು. ಉಳಿದ್ರೆ ಬೇಸಿಗೆಯಲ್ಲಿ ಬತ್ತಿಯ ಥರ ನೀರೆಳೆದು ಬುಡ ಒಣಗಿಸ್ತದೆ.

ನಾನು ಮೇ ತಿಂಗಳಲ್ಲಿ ಇಪ್ಪತ್ತು ಕೊಟ್ಟೆ ಮಾಡಿ ಸೌತೆ, ಹೀರೆ, ಬೆಂಡೆ ಬೀಜ ಹಾಕಿದ್ದೆ. ಮಳೆ ಹಿಡಿದ ಮೇಲೆ ಕೊಟ್ಟೆ ಸಮೇತ ನೆಟ್ಟೆ. ಆಗಸ್ಟಲ್ಲಿ ಒಂದರ ಬುಡ ಕೆದಕಿ ನೋಡಿದ್ರೆ ಹಾಳೆ ಬೆರಳಿಗೆ ಪುಡಿಯಾಗಿ ಬಂತು, ಬೇರು ಅದನ್ನ ದಾಟಿ ಹೋಗಿತ್ತು.

(3/3)

ಅಪ್ಪ ಎಲ್ಲಾ ನೋಡಿ ಒಂದೇ ಪ್ರಶ್ನೆ ಕೇಳಿದ್ರು: "ಇದು ಎರಡು ಮಳೆಗಾಲ ತಡೀತದಾ?"

ಪ್ರಶ್ನೆ ಸರಿಯಾದದ್ದೇ. ಅಡಿಕೆ ಸಸಿ ನರ್ಸರಿಯಲ್ಲಿ 12ರಿಂದ 18 ತಿಂಗಳು ಇರ್ತದೆ. ಹುಲಿಕಲ್, ಆಗುಂಬೆ ಮಳೆಯಲ್ಲಿ ಕೈಯಲ್ಲಿ ಮಾಡಿದ ಹಾಳೆ ಕೊಟ್ಟೆ ಅಷ್ಟು ದಿನ ನಿಲ್ಲಲ್ಲ. ಕೊಳೆಯೋದು ಅದರ ಗುಣ, ಅದೇ ಅದರ ಮಿತಿ. ಪೇಟೆಯಲ್ಲಿ ಸಿಗೋ, ರಬ್ಬರ್ ಹಾಲಿನ ಅಂಟು ಹಾಕಿ ಒತ್ತಿದ ತೆಂಗಿನ ನಾರಿನ ಕುಂಡ ಇನ್ನೂ ಗಟ್ಟಿ, ಆದರೆ 200 ಕೊಳ್ಳೋಕೆ ದುಡ್ಡು ಬೇಕಲ್ಲ ಮಾರಾಯ್ರೇ.

ಹಾಗಾಗಿ ನಮ್ಮನೇಲಿ ಆದ ತೀರ್ಮಾನ ಇದು. ಗಿಡ ಎಷ್ಟು ದಿನ ಕೊಟ್ಟೆಯಲ್ಲಿ ಇರ್ತದೋ ಅದನ್ನ ನೋಡಿ ಕೊಟ್ಟೆ ಆರಿಸೋದು.

ತರಕಾರಿ, ಹೂವು: ಹಾಳೆ ಕೊಟ್ಟೆ. ವಾರಗಳ ಕೆಲಸ.

ಕಾಳುಮೆಣಸು: ಫೆಬ್ರವರಿ–ಮಾರ್ಚಲ್ಲಿ ಬಳ್ಳಿ ತುಂಡು ಹಾಕಿದ್ರೆ ಜೂನ್–ಜುಲೈಗೆ ನೆಡೋಕೆ ಬರ್ತದೆ. ಎರಡು ಪದರ ಹಾಳೆ ಹಾಕಿ ಈ ಸಲ ಐವತ್ತು ಮಾಡ್ತಿದ್ದೀವಿ.

ಅಡಿಕೆ: ಕೊಟ್ಟೆಯೇ ಬೇಡ. ಹಳೇ ಪದ್ಧತಿಯಂತೆ ಮಡಿಯಲ್ಲೇ ಬೆಳೆಸಿ, ಬುಡದ ಮಣ್ಣಿನ ಹೆಂಟೆ ಸಮೇತ ಎಬ್ಬಿಸಿ, ಸಾಗಿಸೋ ಹೊತ್ತಿಗೆ ಮಾತ್ರ ಹಾಳೆ ಸುತ್ತೋದು. ದೂರದಿಂದ ಸಸಿ ತರೋರಿಗೆ ಇದು ಕಷ್ಟ, ಒಪ್ತೀನಿ. ಅವರು ಕನಿಷ್ಠ ಚೀಲ ಎಣಿಸಿಕೊಂಡು ವಾಪಸ್ ತರಲಿ.

ಮರೀಬೇಡಿ: ಎಲೆಚುಕ್ಕಿ ಇರೋ ತೋಟದ ಹಾಳೆಯನ್ನ ಅಡಿಕೆ ಸಸಿಯ ಹತ್ತಿರ ತರಬೇಡಿ. ರೋಗದ ಶಿಲೀಂಧ್ರ ಅದರ ಜೊತೆಗೇ ಬರಬಹುದು. ನಾವು ಹಾಳೆ ಸುತ್ತೋಕೆ ಮುಂಚೆ ತೋಟ ನೋಡ್ಕೊಂಡೇ ಆರಿಸ್ತೀವಿ.

ಹಾಳೆ ತಟ್ಟೆ ಮಾಡೋರಿಗೂ ಇದರಲ್ಲಿ ಒಂದು ದಾರಿ ಇದೆ ಅನ್ಸತ್ತೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆಯಲ್ಲಿ ಊಟ ಸುರಕ್ಷಿತ ಅಲ್ಲ ಅಂತ ತಕರಾರು ತೆಗೀತು. ಗಿಡದ ಕುಂಡದಲ್ಲಿ ಯಾರೂ ಊಟ ಮಾಡಲ್ಲ. ಅದೇ ಮೆಷಿನ್, ಅದೇ ಹಾಳೆ, ಅಚ್ಚು ಮಾತ್ರ ಆಳವಾಗಿರಬೇಕು.

ಹಾರ್ಟಿಕಲ್ಚರ್ ಓದ್ತಿರೋ ಗೆಳೆಯರೇ, ಪ್ರಾಜೆಕ್ಟಿಗೆ ವಿಷಯ ಹುಡುಕ್ತಿದ್ದೀರಾ? ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯ ನಮ್ಮ ಸಾಗರ ತಾಲೂಕಲ್ಲೇ ಇದೆ, ತೀರ್ಥಹಳ್ಳಿಯಲ್ಲಿ ಸಂಶೋಧನಾ ಕೇಂದ್ರ ಇದೆ. ಹಾಳೆಯ ಕುಂಡ ಯಾವ ಮಳೆಯಲ್ಲಿ ಎಷ್ಟು ದಿನ ತಡೀತದೆ ಅಂತ ಒಂದು ಪಟ್ಟಿ ಮಾಡಿಕೊಡಿ. ಅಪ್ಪನ ಪ್ರಶ್ನೆಗೆ ಸರಿಯಾದ ಉತ್ತರ ನಿಮ್ಮ ಹತ್ತಿರ ಸಿಗಬಹುದು.

ಉಳಿದವರು ನಿಮ್ಮನೆ ಹಿರಿಯರನ್ನ ಕೇಳಿ, ಅವರ ಕಾಲದಲ್ಲಿ ಕೊಟ್ಟೆಯನ್ನ ಯಾವ ಎಲೆಯಿಂದ, ಯಾತಕ್ಕೆ ಮಾಡ್ತಿದ್ರು ಅಂತ. ಕಾಮೆಂಟಲ್ಲಿ ಬರೀರಿ. ಮೆಣಸಿನ ಬಳ್ಳಿ ಏನಾಯ್ತು ಅಂತ ಜುಲೈಯಲ್ಲಿ ಫೋಟೋ ಹಾಕ್ತೀನಿ, ಬದುಕಿದ್ರೂ ಸತ್ರೂ.

#ಕೊಟ್ಟೆ #ಅಡಿಕೆಹಾಳೆ #ಮಲೆನಾಡು #ಸಾಗರ #ಹೊಸನಗರ #ತೀರ್ಥಹಳ್ಳಿ