ಡಾಲರ್ ಏರುತ್ತೆ ಅಂತ ಚೆರಿ ಇಟ್ಕೊಂಡ ವರ್ಷ

ನಿನ್ನೆ ಸಂಜೆ ಕಣದಲ್ಲಿ ರೋಬಸ್ಟಾ ಚೆರಿ ಗುಡ್ಡೆ ಮಾಡಿ ಟಾರ್ಪಲ್ ಮುಚ್ಚುತ್ತಿದ್ದೆ. ಪಕ್ಕದ ತೋಟದ ಹುಡುಗ ಬಂದು ಮೊಬೈಲ್ ತೋರಿಸಿದ. "ನೋಡಿ ಮಾವ, 1947ರಲ್ಲಿ ಒಂದು ಡಾಲರಿಗೆ ಒಂದೇ ರೂಪಾಯಿ ಇತ್ತಂತೆ. ಈಗ ಎಲ್ಲಿಗೆ ಬಂದಿದೆ! ಇನ್ನೂ ಏರುತ್ತೆ. ನಾನಂತೂ ಈ ಸಲ ಒಂದು ಮೂಟೆನೂ ಮಾರಲ್ಲ. ಆಳುಗಳ ಸಂಬಳಕ್ಕೆ ಸಾಲ ಮಾಡ್ತೀನಿ" ಅಂದ. ನನಗೆ 2001 ನೆನಪಾಯ್ತು. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನ ಬರೀತಿದ್ದೀನಿ.

ಮೊದಲು ಆ ಒಂದು ರೂಪಾಯಿ ಕಥೆ. ಅದು ತಪ್ಪು. ಆಗ ನಮ್ಮ ರೂಪಾಯಿಯನ್ನ ಕಟ್ಟಿದ್ದು ಡಾಲರಿಗಲ್ಲ, ಇಂಗ್ಲೆಂಡಿನ ಪೌಂಡಿಗೆ. ಒಂದು ರೂಪಾಯಿಗೆ 18 ಪೆನ್ಸ್, ಒಂದು ಪೌಂಡಿಗೆ 240 ಪೆನ್ಸ್. ಭಾಗಿಸಿ ನೋಡಿ, ಪೌಂಡಿಗೆ 13.33 ರೂಪಾಯಿ ಆಗುತ್ತೆ. ಪೌಂಡಿಗೆ ಆಗ 4.03 ಡಾಲರ್. ಅಂದ್ರೆ ಡಾಲರಿಗೆ ಸುಮಾರು 3.30 ರೂಪಾಯಿ. 1949ರಲ್ಲಿ ಇಂಗ್ಲೆಂಡಿನವರು ಪೌಂಡನ್ನ 2.80 ಡಾಲರಿಗೆ ಇಳಿಸಿದರು. ನಮ್ಮದೂ ಜೊತೆಗೇ ಇಳಿದು ಡಾಲರ್ 4.76 ಆಯ್ತು.

ಆಮೇಲೆ 1966ರ ಜೂನ್ 6. ಇಂದಿರಾ ಗಾಂಧಿ ಪ್ರಧಾನಿ ಆಗಿದ್ದಾಗ ಒಂದೇ ಏಟಿಗೆ 7.50 ಮಾಡಿದರು. 1991ರ ಜುಲೈನಲ್ಲಿ ಎರಡು ಕಂತಲ್ಲಿ, 1ನೇ ತಾರೀಕು ಒಂದ್ಸಲ, 3ನೇ ತಾರೀಕು ಒಂದ್ಸಲ, 21 ರೂಪಾಯಿ ಇದ್ದದ್ದು 26ರ ಹತ್ತಿರ ಹೋಯ್ತು. ಅದೇ ತಿಂಗಳು ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನ ಹೊರದೇಶಕ್ಕೆ ಕಳಿಸಿ ಅಡ ಇಟ್ಟಿತು. 1993ರಿಂದ ದರವನ್ನ ಮಾರುಕಟ್ಟೆಗೆ ಬಿಟ್ಟರು. ಆಗ 31 ಇದ್ದ ಡಾಲರ್ 2024ರ ಡಿಸೆಂಬರ್‌ನಲ್ಲಿ 85 ದಾಟಿತು.

ಹಾಗಾಗಿ ಡಾಲರ್ ಏರ್ತಾ ಬಂದಿದೆ ಅನ್ನೋ ಹುಡುಗನ ಮಾತು ಸುಳ್ಳಲ್ಲ. ಆದ್ರೆ ಅದರ ಜೊತೆ ಕಾಫಿನೂ ಏರುತ್ತೆ ಅಂದ್ಕೊಂಡ್ರೆ ಅಲ್ಲೇ ಏಟು.

1991ರಲ್ಲಿ ನನಗೆ ಇಪ್ಪತ್ತು ದಾಟಿತ್ತಷ್ಟೇ. ಆಗ ಕಾಫಿಯನ್ನೆಲ್ಲ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು, ದುಡ್ಡು ಕಂತು ಕಂತಾಗಿ ಬರ್ತಿತ್ತು. ನಮ್ಮಪ್ಪನಿಗೆ ಡಾಲರ್ ಅಂದ್ರೆ ಏನು ಅಂತ ಕೇಳೋ ಅಗತ್ಯನೇ ಇರಲಿಲ್ಲ. 1996ರ ಹೊತ್ತಿಗೆ ಪೂರ್ತಿ ನಾವೇ ಮಾರೋ ಹಾಗಾಯ್ತು. ಅಲ್ಲಿಂದ ಲಂಡನ್ ರೇಟು, ಡಾಲರ್ ರೇಟು ನಮ್ಮ ಜಗಲಿಗೂ ಬಂತು.

2001ರ ಕೊಯ್ಲು ಮುಗಿದಾಗ ಡಾಲರ್ 46 ದಾಟಿತ್ತು. 50 ಆಗೇ ಆಗುತ್ತೆ ಅಂತ ಎಲ್ಲರ ಬಾಯಲ್ಲೂ ಇತ್ತು. ನಾನು 35 ಮೂಟೆ ಚೆರಿ ಇಟ್ಕೊಂಡೆ. ಖರ್ಚಿಗೆ ನಮ್ಮನೆಯವಳ ಬಳೆ ಸೊಸೈಟಿಯಲ್ಲಿ ಅಡ ಇಟ್ಟೆ. ವರ್ಷದ ಕೊನೆಗೆ ಡಾಲರ್ 48 ಆಯ್ತು. ಆದ್ರೆ ಕಾಫಿ 30 ವರ್ಷದಲ್ಲೇ ಕಾಣದಷ್ಟು ಕೆಳಗೆ ಬಿತ್ತು. ಮುಂದಿನ ಕೊಯ್ಲಿಗೆ ಆಳುಗಳಿಗೆ ಕೊಡೋಕೆ ದುಡ್ಡಿಲ್ಲದೆ ಮಾರಿದಾಗ ಮೂಟೆಗೆ ಮೂರರಲ್ಲಿ ಒಂದು ಪಾಲು ಹೋಗಿತ್ತು. ಬಡ್ಡಿ ಬೇರೆ. ಬಳೆ ಬಿಡಿಸ್ಕೊಳ್ಳೋಕೆ ಮೂರು ವರ್ಷ ಬೇಕಾಯ್ತು. ಅವಳು ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ಕುಟುಕ್ತಿತ್ತು.

ಯಾಕೆ ಹೀಗಾಯ್ತು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಒಂದು ಕಾರಣ ವಿಯೆಟ್ನಾಂ, ಅಲ್ಲಿ ರೋಬಸ್ಟಾ ವಿಪರೀತ ಬೆಳೆದಿದ್ರು. ಇನ್ನೊಂದು ಬ್ರೆಜಿಲ್‌ನ ದುಡ್ಡು, ರಿಯಾಲ್ ಅಂತಾರೆ. 1999ರ ಜನವರಿ ಮೊದಲಲ್ಲಿ ಡಾಲರಿಗೆ 1.20 ಇದ್ದದ್ದು ಆ ತಿಂಗಳ ಕೊನೆಗೆ 2ರ ಹತ್ತಿರ ಹೋಯ್ತು. ಲೆಕ್ಕ ಹಾಕಿ. ಅಲ್ಲಿಯ ರೈತನಿಗೆ ಮೊದಲು 100 ಡಾಲರ್ ಕಾಫಿಗೆ 120 ರಿಯಾಲ್ ಸಿಗ್ತಿತ್ತು. ಆಮೇಲೆ ಅದೇ ಕಾಫಿ 60 ಡಾಲರಿಗೆ ಮಾರಿದ್ರೂ ಅದೇ 120. ಅವನ ಆಳುಗಳಿಗೆ ಸಂಬಳ ರಿಯಾಲ್‌ನಲ್ಲೇ ತಾನೆ? ಅವನು 60ಕ್ಕೂ ಮಾರಬಲ್ಲ. ನಮಗೆ ಡಾಲರಲ್ಲಿ ಎರಡು ರೂಪಾಯಿ ಏರಿದ್ದು ಅದರ ಮುಂದೆ ಏನೂ ಅಲ್ಲ.

ಉಲ್ಟಾನೂ ಆಗಿದೆ. 1994ರಲ್ಲಿ ಡಾಲರ್ 31ರಲ್ಲೇ ನಿಂತಿತ್ತು. ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಟ್ಟವು, ಕಾಫಿ ಆಕಾಶಕ್ಕೆ ಹೋಯ್ತು. ಡಾಲರ್ ಅಲ್ಲಾಡದೆ ಕಾಫಿ ಏರಿತ್ತು.

ಟನ್ ರೋಬಸ್ಟಾಗೆ ಲಂಡನ್‌ನಲ್ಲಿ 2000 ಡಾಲರ್, ಡಾಲರ್ 80 ರೂಪಾಯಿ ಅಂದ್ಕೊಳ್ಳಿ. ಗುಣಿಸಿದ್ರೆ ಒಣ ಬೀಜ ಕೆಜಿಗೆ 160. ಡಾಲರ್ 84 ಆದ್ರೆ 168. ಆದ್ರೆ ಲಂಡನ್ 1600ಕ್ಕೆ ಇಳಿದ್ರೆ ಡಾಲರ್ 84 ಇದ್ದೂ 134. ಎರಡು ಸಂಖ್ಯೆಯನ್ನೂ ನೋಡಬೇಕು. ಮತ್ತೆ ಪೊಟ್ಯಾಷ್ ಪೂರ್ತಿ ಹೊರಗಿಂದ ಬರೋದು, ಡೀಸೆಲ್‌ನ ಕಚ್ಚಾ ಎಣ್ಣೆ ಹೆಚ್ಚಿನದೂ ಹೊರಗಿಂದಲೇ. ಡಾಲರ್ ಏರಿದ್ರೆ ಆ ಖರ್ಚೂ ಏರುತ್ತೆ.

ಇವತ್ತು ಬೆಳಿಗ್ಗೆ ಹುಡುಗನ ಮನೆಗೆ ಹೋಗಿ ಇದನ್ನೇ ಹೇಳಿದೆ. "ಸಂಬಳಕ್ಕೆ, ಗೊಬ್ಬರಕ್ಕೆ, ಮಕ್ಕಳ ಫೀಸಿಗೆ ಎಷ್ಟು ಬೇಕೋ ಅಷ್ಟು ಮೂಟೆ ಈಗ್ಲೇ ಮಾರಪ್ಪ. ಸಾಲ ಮಾಡಿ ಇಟ್ಕೋಬೇಡ. ಮಿಕ್ಕಿದ್ದನ್ನ ಇಟ್ಕೊಂಡು ಕಾಯಿ, ಬಿದ್ರೂ ನಿದ್ದೆ ಹೋಗಲ್ಲ" ಅಂದೆ. "ನೋಡೋಣ ಮಾವ" ಅಂದ. ಅವನ ಹೆಂಡತಿ ಕಾಫಿ ತಂದಿಟ್ಟು ಅಲ್ಲೇ ನಿಂತು ಕೇಳಿಸ್ಕೊಳ್ತಿದ್ಳು.

ನಾನು ಈ ವಾರ ಅರ್ಧ ಮಾರ್ತಿದ್ದೀನಿ. 2001ರಲ್ಲಿ ನನ್ನ ಹಾಗೇ ಇಟ್ಕೊಂಡಿದ್ದವರು ಈ ಕಡೆ ಸುಮಾರು ಜನ ಇದ್ದೀರಿ. ನಿಮ್ಮ ಮನೆಯ ಹುಡುಗರಿಗೂ ಆ ವರ್ಷದ ಲೆಕ್ಕ ಒಂದ್ಸಲ ಹೇಳಿ.